ಹೊರದಬ್ಬಿದ ಬಾಗಿಲಿನಿಂದಲೇ ಒಳಕರೆದ ಪಕ್ಷ

ಸಲಿಂಗಿಗಳ ಬಾಳುವೆಯನ್ನು 1988ರಲ್ಲಿ ‘ಸೋಗಿನ ಕುಟುಂಬ’ವೆಂದು ಕಾನೂನಿನಲ್ಲೇ ಬರೆದ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷ, ಕಾಲು ಶತಮಾನದ ಬಳಿಕ ಅವರ ಮದುವೆಗೆ ಕಾನೂನಿನ ಮುದ್ರೆ ಒತ್ತಿತು. ಮತದ ಲೆಕ್ಕಾಚಾರ, ಸೋಲಿನ ಪಾಠ, ಮನೆಯೊಳಗಿನ ಬಂಡಾಯ ಮೂರೂ ಹೆಣೆದುಕೊಂಡ ರಾಜಕೀಯ ಪಲ್ಲಟದ ಕಥನ.

2013ರ ಫೆಬ್ರುವರಿ 5ರ ಸಂಜೆ ಲಂಡನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ದೀರ್ಘ ಚರ್ಚೆ ಮುಗಿದು ಮತವಿಭಜನೆಯ ಗಂಟೆ ಮೊಳಗಿದಾಗ, ಆಡಳಿತ ಪಕ್ಷದ ಸಾಲುಗಳಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕುಳಿತಿದ್ದ ಕನ್ಸರ್ವೇಟಿವ್ ಸದಸ್ಯರು ಎದ್ದು ಎರಡು ದಿಕ್ಕಿಗೆ ನಡೆದರು. ಬ್ರಿಟಿಷ್ ಸಂಸತ್ತಿನಲ್ಲಿ ಮತ ಹಾಕುವುದೆಂದರೆ ಗುಂಡಿ ಒತ್ತುವುದಲ್ಲ. ಮಸೂದೆಯನ್ನು ಒಪ್ಪುವವರು ಸ್ಪೀಕರ್ ಪೀಠದ ಬಲಬದಿಯ ಮೊಗಸಾಲೆಯನ್ನೂ ಒಪ್ಪದವರು ಎಡಬದಿಯ ಮೊಗಸಾಲೆಯನ್ನೂ ಹಾದುಹೋಗಬೇಕಾದ್ದರಿಂದ, ಯಾರು ಯಾವ ಕಡೆಗೆ ಹೊರಟರು ಎಂಬುದು ಪಕ್ಕದಲ್ಲಿ ಕುಳಿತವರ ಕಣ್ಣಿಗೇ ಬೀಳುತ್ತದೆ.

ಅಂದು ಸದನದ ಮುಂದಿದ್ದದ್ದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡುವ ಮಸೂದೆ. ಅದು 175ರ ವಿರುದ್ಧ 400 ಮತಗಳಿಂದ ಎರಡನೇ ವಾಚನವನ್ನು, ಅಂದರೆ ಮಸೂದೆಯ ತತ್ತ್ವವನ್ನು ಸದನ ಒಪ್ಪಿಕೊಳ್ಳುವ ಹಂತವನ್ನು, ನಿರಾಯಾಸವಾಗಿ ದಾಟಿತು.

ಆದರೆ ಮಸೂದೆಯ ಹಿಂದೆ ನಿಂತಿದ್ದ ಪ್ರಧಾನಿ ಡೇವಿಡ್ ಕ್ಯಾಮರೂನ್ ಅವರ ಸ್ವಂತ ಪಕ್ಷದಲ್ಲಿ ಅದರ ಪರವಾಗಿ ನಡೆದವರು 127 ಮಂದಿ, ವಿರುದ್ಧವಾಗಿ ನಡೆದವರು 136 ಮಂದಿ; ಇನ್ನು ಸುಮಾರು 40 ಮಂದಿ ಮತದಿಂದ ದೂರವೇ ಉಳಿದರು. ಸಂಪುಟದಲ್ಲಿದ್ದ ಓವೆನ್ ಪ್ಯಾಟರ್ಸನ್ ಮತ್ತು ಡೇವಿಡ್ ಜೋನ್ಸ್ ಅವರೇ ವಿರೋಧಿಗಳ ಮೊಗಸಾಲೆಯನ್ನು ಹೊಕ್ಕರು. ಪ್ರಧಾನಿಯೊಬ್ಬರು ತಮ್ಮ ಹೆಗ್ಗುರುತೆಂದು ಹೇಳಿಕೊಳ್ಳಬಯಸಿದ ಸುಧಾರಣೆ, ಎದುರು ಸಾಲಿನ ಲೇಬರ್ ಪಕ್ಷದವರ ಬಲದಿಂದ ದಡ ಸೇರಿತು.

ಸಂಪ್ರದಾಯವಾದಿ ಪಕ್ಷವೊಂದು ತನ್ನ ಹಳೆಯ ಬೆಂಬಲಿಗರ ಮುನಿಸನ್ನು ಕಟ್ಟಿಕೊಂಡು, ತನಗೇ ಮತ ಹಾಕುವರೆಂಬ ಖಾತರಿಯಿಲ್ಲದ ಸಣ್ಣ ಸಮುದಾಯವೊಂದರತ್ತ ಕೈಚಾಚಿದ್ದೇಕೆ ಎಂಬುದು, ಪ್ರತಿ ಜೂನ್‌ನಲ್ಲಿ ಜಗತ್ತಿನ ಹಲವು ನಗರಗಳು ಲಿಂಗತ್ವ ಅಲ್ಪಸಂಖ್ಯಾತರ ಸ್ವಾಭಿಮಾನದ ಮೆರವಣಿಗೆಗೆ, ಅಂದರೆ ‘ಪ್ರೈಡ್’ಗೆ, ಸಜ್ಜಾಗುವಾಗ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ. ಬರಿಯ ಓಲೈಕೆ ಎಂದು ತಳ್ಳಿಹಾಕುವುದೂ, ಬರಿಯ ಮನಃಪರಿವರ್ತನೆ ಎಂದು ಹೊಗಳುವುದೂ ಈ ಪ್ರಶ್ನೆಗೆ ಸಾಲದು.

ಹಲವು ದಶಕಗಳ ದಾಖಲೆಯನ್ನು ಒಟ್ಟಾಗಿ ನೋಡಿದರೆ ಕಾಣುವುದು ಬೇರೆಯೇ ಒಂದು ಸಂಗತಿ. ಕನ್ಸರ್ವೇಟಿವ್ ಪಕ್ಷ ತನ್ನ ನಂಬಿಕೆಯ ಕೇಂದ್ರವಾದ ಕುಟುಂಬ ವ್ಯವಸ್ಥೆಯನ್ನು ಬಿಟ್ಟುಕೊಟ್ಟು ಸಲಿಂಗಿಗಳ ಬಳಿಗೆ ಹೋಗಲಿಲ್ಲ. ಅವರನ್ನು ಆ ವ್ಯವಸ್ಥೆಯೊಳಕ್ಕೆ ಸೇರಿಸಿಕೊಳ್ಳುವ ದಾರಿ ಕಂಡ ಮೇಲಷ್ಟೇ ಹೋಯಿತು, ಮತ್ತು ಆ ದಾರಿ ಮುಗಿದಲ್ಲಿ ಅದರ ಔದಾರ್ಯವೂ ನಿಂತಿತು.

ನಾಲ್ಕು ಗೋಡೆಗಳೊಳಗಿನ ಸಹನೆ

ಬ್ರಿಟನ್ನಿನಲ್ಲಿ ಪುರುಷರ ನಡುವಿನ ಲೈಂಗಿಕ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯುವ ಚಿಂತನೆಗೆ ಅಧಿಕೃತ ಚಾಲನೆ ಸಿಕ್ಕಿದ್ದು ಕನ್ಸರ್ವೇಟಿವ್ ಸರ್ಕಾರದ ಕಾಲದಲ್ಲೇ. ವಿನ್‌ಸ್ಟನ್ ಚರ್ಚಿಲ್ ಪ್ರಧಾನಿಯಾಗಿದ್ದ 1954ರಲ್ಲಿ ನೇಮಕಗೊಂಡು, ರೆಡಿಂಗ್ ವಿಶ್ವವಿದ್ಯಾಲಯದ ಕುಲಪತಿ ಜಾನ್ ವುಲ್ಫೆಂಡನ್ ಅಧ್ಯಕ್ಷತೆಯಲ್ಲಿ ಕೆಲಸ ಮಾಡಿದ ಸಮಿತಿಯು, ವಯಸ್ಕರಿಬ್ಬರು ಪರಸ್ಪರ ಒಪ್ಪಿ ಖಾಸಗಿಯಾಗಿ ನಡೆಸುವ ಸಂಬಂಧದಲ್ಲಿ ಕಾನೂನಿಗೆ ಕೆಲಸವಿಲ್ಲವೆಂದು 1957ರಲ್ಲಿ ವರದಿ ಕೊಟ್ಟಿತು.

ವರದಿ ತರಿಸಿಕೊಂಡ ಪಕ್ಷಕ್ಕೆ ಅದನ್ನು ಜಾರಿಗೊಳಿಸುವ ಧೈರ್ಯ ಬರಲಿಲ್ಲ. 1965ರಲ್ಲಿ ಖಾಸಗಿ ಮಸೂದೆ ತಂದ ಕನ್ಸರ್ವೇಟಿವ್ ಸಂಸದ ಹಂಫ್ರಿ ಬರ್ಕ್ಲಿ ಮರುವರ್ಷದ ಚುನಾವಣೆಯಲ್ಲಿ ಲ್ಯಾಂಕಾಸ್ಟರ್ ಕ್ಷೇತ್ರವನ್ನೇ ಕಳೆದುಕೊಂಡರು. ಕೊನೆಗೆ ಲೇಬರ್ ಪಕ್ಷದ ಲಿಯೋ ಆಬ್ಸಿ ಮುಂದಿಟ್ಟ ಮಸೂದೆ 1967ರಲ್ಲಿ ಕಾನೂನಾಯಿತು.

ಆಬ್ಸಿ ಅವರ ಪ್ರಯತ್ನವನ್ನು ಬೆಂಬಲಿಸಿದ ಕೆಲವೇ ಕನ್ಸರ್ವೇಟಿವ್ ಸದಸ್ಯರಲ್ಲಿ ಮಾರ್ಗರೆಟ್ ಥ್ಯಾಚರ್ ಒಬ್ಬರಾಗಿದ್ದರು ಎಂಬುದು ಮುಂದಿನ ಇತಿಹಾಸವನ್ನು ಬಲ್ಲವರಿಗೆ ಅಚ್ಚರಿ ತರಬಹುದು, ಆದರೆ ಅದರಲ್ಲಿ ವಿರೋಧಾಭಾಸವಿಲ್ಲ. ಮಲಗುವ ಕೋಣೆಗೆ ಸರ್ಕಾರ ಇಣುಕಬಾರದು ಎಂಬುದು ವ್ಯಕ್ತಿಸ್ವಾತಂತ್ರ್ಯವನ್ನು ನಂಬುವ ಬಲಪಂಥೀಯರಿಗೂ ಒಪ್ಪಿತವಾಗಬಲ್ಲ ವಾದ; ಅದು ಸಹಿಸಿಕೊಳ್ಳುವ ಮಾತೇ ಹೊರತು ಸಾರ್ವಜನಿಕ ಬದುಕಿನಲ್ಲಿ ಸಮಾನ ಸ್ಥಾನ ಕೊಡುವ ಮಾತಲ್ಲ. 1967ರ ಕಾಯ್ದೆಯೂ 21 ವರ್ಷ ತುಂಬಿದವರ ಖಾಸಗಿ ಸಂಬಂಧಕ್ಕೆ ಮಾತ್ರ, ಅದೂ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ, ಅನ್ವಯಿಸುತ್ತಿತ್ತು. ಸೇನೆಯಲ್ಲಿದ್ದವರಿಗೆ ಆ ರಿಯಾಯಿತಿಯೂ ಇರಲಿಲ್ಲ.

ಆ ಸಹನೆಯ ಮಿತಿಯೊಳಗಿಂದಲೇ ಪಕ್ಷವನ್ನು ಬದಲಿಸುವ ಮೊದಲ ಯತ್ನವೂ ಹುಟ್ಟಿತು. ರೆಡಿಂಗ್ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕ ಪೀಟರ್ ಕ್ಯಾಂಬೆಲ್ ಮುಂತಾದವರು 1975ರಲ್ಲಿ ಕಟ್ಟಿದ ‘ಕನ್ಸರ್ವೇಟಿವ್ ಗ್ರೂಪ್ ಫಾರ್ ಹೋಮೋಸೆಕ್ಷುಯಲ್ ಈಕ್ವಾಲಿಟಿ’ ಎಂಬ ಪುಟ್ಟ ಗುಂಪು, ಸಲಿಂಗಿಯಾಗಿರುವುದಕ್ಕೂ ಟೋರಿಯಾಗಿರುವುದಕ್ಕೂ ವೈರವಿಲ್ಲವೆಂದು ವಾದಿಸತೊಡಗಿತು. ‘ಟೋರಿ’ ಎಂಬುದು ಕನ್ಸರ್ವೇಟಿವ್ ಪಕ್ಷದವರಿಗೆ ಬ್ರಿಟನ್ನಿನಲ್ಲಿ ಶತಮಾನಗಳಿಂದ ಅಂಟಿಕೊಂಡ ಅಡ್ಡಹೆಸರು.

ಸೆಕ್ಷನ್ 28ರ ನೆರಳು

ಥ್ಯಾಚರ್ ಪ್ರಧಾನಿಯಾಗಿದ್ದ 1980ರ ದಶಕದಲ್ಲಿ ಪ್ರಶ್ನೆ ಮಲಗುವ ಕೋಣೆಯಿಂದ ಹೊರಬಂದು ಶಾಲೆ, ಗ್ರಂಥಾಲಯ ಮತ್ತು ನಗರಾಡಳಿತಗಳ ಅಂಗಳಕ್ಕೆ ಬಂತು. ಲೇಬರ್ ಹಿಡಿತದಲ್ಲಿದ್ದ ಲಂಡನ್ನಿನ ಕೆಲವು ಸ್ಥಳೀಯ ಆಡಳಿತಗಳು ಸಲಿಂಗಿ ಸಂಘಟನೆಗಳಿಗೆ ಅನುದಾನ ಕೊಟ್ಟದ್ದೂ, ಇಬ್ಬರು ಪುರುಷರ ಜೊತೆ ಬೆಳೆಯುವ ಪುಟ್ಟ ಹುಡುಗಿಯನ್ನು ಚಿತ್ರಿಸಿದ ಡೆನ್ಮಾರ್ಕ್ ಮೂಲದ ಮಕ್ಕಳ ಪುಸ್ತಕವೊಂದು ಶಿಕ್ಷಣ ಇಲಾಖೆಯ ಸಂಗ್ರಹದಲ್ಲಿ ಸಿಕ್ಕಿದ್ದೂ ಪತ್ರಿಕೆಗಳಲ್ಲಿ ದೊಡ್ಡ ಗುಲ್ಲೆಬ್ಬಿಸಿದವು.

ಏಡ್ಸ್‌ನ ಭೀತಿ ಈ ಗುಲ್ಲಿಗೆ ಇನ್ನಷ್ಟು ಕಾವು ಕೊಟ್ಟಿತು. ಆರೋಗ್ಯ ಸಚಿವ ನಾರ್ಮನ್ ಫೌಲರ್ 1987ರ ಆರಂಭದಲ್ಲಿ ದೇಶದ ಮನೆಮನೆಗೆ ಏಡ್ಸ್ ತಿಳಿವಳಿಕೆಯ ಕರಪತ್ರ ಕಳುಹಿಸಿ ನೇರವಾಗಿ ಮಾತಾಡಿದ್ದು ಥ್ಯಾಚರ್ ಸರ್ಕಾರದಲ್ಲೇ ಆದರೂ, ಅದೇ ವರ್ಷದ ಚುನಾವಣೆಯಲ್ಲಿ ಸಲಿಂಗಿ ಯುವಜನರ ಕುರಿತ ಪುಸ್ತಕವೊಂದನ್ನು ಭಿತ್ತಿಪತ್ರದಲ್ಲಿ ತೋರಿಸಿ, ಲೇಬರ್ ಪಕ್ಷದ ಶಿಕ್ಷಣವೆಂದರೆ ಇದೇನಾ ಎಂದು ಮತದಾರರನ್ನು ಕೇಳಿದ್ದು ಆಕೆಯದೇ ಪಕ್ಷ.

ಮೂರನೇ ಬಾರಿ ಗೆದ್ದುಬಂದ ಥ್ಯಾಚರ್ 1987ರ ಅಕ್ಟೋಬರ್‌ನಲ್ಲಿ ಬ್ಲ್ಯಾಕ್‌ಪೂಲ್‌ನ ಪಕ್ಷ ಸಮಾವೇಶದಲ್ಲಿ, ಸಾಂಪ್ರದಾಯಿಕ ನೈತಿಕ ಮೌಲ್ಯಗಳನ್ನು ಗೌರವಿಸಲು ಕಲಿಯಬೇಕಾದ ಮಕ್ಕಳಿಗೆ ಸಲಿಂಗಿಗಳಾಗಿರುವುದು ತಮ್ಮ ಹಕ್ಕೆಂದು ಹೇಳಿಕೊಡಲಾಗುತ್ತಿದೆ ಎಂದು ಆಕ್ಷೇಪಿಸಿದರು. ಸಭಾಂಗಣದ ಚಪ್ಪಾಳೆ ಕೆಲವೇ ತಿಂಗಳಲ್ಲಿ ಕಾನೂನಿನ ರೂಪ ತಾಳಿತು. 1988ರ ಸ್ಥಳೀಯ ಆಡಳಿತ ಕಾಯ್ದೆಯ 28ನೇ ಸೆಕ್ಷನ್ ಆ ವರ್ಷದ ಮೇ 24ರಂದು ಜಾರಿಗೆ ಬಂತು.

ವಿರೋಧವೂ ಅಷ್ಟೇ ಜೋರಾಗಿತ್ತು. ಫೆಬ್ರುವರಿ 2ರಂದು ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಈ ಸೆಕ್ಷನ್ ಅನ್ನು ಉಳಿಸಿಕೊಂಡ ಬೆನ್ನಲ್ಲೇ ಪ್ರೇಕ್ಷಕರ ಗ್ಯಾಲರಿಯಲ್ಲಿದ್ದ ಕೆಲವು ಲೆಸ್ಬಿಯನ್ ಹೋರಾಟಗಾರ್ತಿಯರು ಕಟಕಟೆಗೆ ಹಗ್ಗ ಬಿಗಿದು, ಲಾರ್ಡ್‌ಗಳ ನಡುವೆಯೇ ಸದನಕ್ಕೆ ಜಾರಿ ಇಳಿದರು. ಸೆಕ್ಷನ್ ಜಾರಿಯಾಗುವ ಹಿಂದಿನ ಸಂಜೆ ಬಿಬಿಸಿಯ ಆರು ಗಂಟೆಯ ವಾರ್ತೆ ನೇರಪ್ರಸಾರವಾಗುತ್ತಿದ್ದಾಗಲೇ ಹೋರಾಟಗಾರ್ತಿಯರು ಸ್ಟುಡಿಯೋಗೆ ನುಗ್ಗಿದ್ದು, ವಾರ್ತೆ ಓದುತ್ತಿದ್ದವರ ಹಿಂದೆ ನಡೆಯುತ್ತಿದ್ದ ಗದ್ದಲ ದೇಶಕ್ಕೆಲ್ಲ ಕೇಳಿಸಿತು.

ನಟ ಇಯಾನ್ ಮೆಕೆಲೆನ್ ತಾವು ಸಲಿಂಗಿ ಎಂದು ರೇಡಿಯೋದಲ್ಲಿ ಬಹಿರಂಗಪಡಿಸಿದ್ದು ಈ ಸೆಕ್ಷನ್ ಕುರಿತ ವಾಗ್ವಾದದ ನಡುವೆಯೇ. ಮರುವರ್ಷ ಹುಟ್ಟಿದ ‘ಸ್ಟೋನ್‌ವಾಲ್’ ಎಂಬ ಹಕ್ಕುಗಳ ಸಂಘಟನೆಯ ಸ್ಥಾಪಕರಲ್ಲಿ ಅವರ ಜೊತೆ ಮಾಜಿ ಕನ್ಸರ್ವೇಟಿವ್ ಸಂಸದ ಮ್ಯಾಥ್ಯೂ ಪ್ಯಾರಿಸ್ ಕೂಡ ಇದ್ದರು. ಸಲಿಂಗಿಗಳ ರಾಜಕೀಯ ಸಂಘಟನೆಯನ್ನು ತಡೆಯಲು ಬಂದ ಕಾನೂನು ಅದಕ್ಕೆ ಇಂಬು ಕೊಟ್ಟಂತಾಯಿತು.

■ ಸೆಕ್ಷನ್ 28 ಹೇಳಿದ್ದೇನು?

● ಸ್ಥಳೀಯ ಆಡಳಿತಗಳು ಉದ್ದೇಶಪೂರ್ವಕವಾಗಿ ಸಲಿಂಗಕಾಮವನ್ನು ‘ಉತ್ತೇಜಿಸ’ಕೂಡದು, ಅದನ್ನು ಉತ್ತೇಜಿಸುವ ಉದ್ದೇಶದ ಸಾಹಿತ್ಯವನ್ನು ಪ್ರಕಟಿಸಕೂಡದು.

● ಸರ್ಕಾರಿ ಅನುದಾನದ ಶಾಲೆಗಳಲ್ಲಿ ಸಲಿಂಗ ಸಂಬಂಧವು ‘ಸೋಗಿನ ಕುಟುಂಬ ಸಂಬಂಧ’ವಾಗಿ ಒಪ್ಪತಕ್ಕದ್ದೆಂದು ಕಲಿಸುವುದನ್ನು ಉತ್ತೇಜಿಸಕೂಡದು.

● ಈ ಸೆಕ್ಷನ್ ಅಡಿಯಲ್ಲಿ ಯಶಸ್ವಿ ಮೊಕದ್ದಮೆ ಒಂದೂ ನಡೆಯಲಿಲ್ಲ. ಆದರೂ ಯಾವುದು ಉತ್ತೇಜನ, ಯಾವುದು ಬರಿಯ ಮಾಹಿತಿ ಎಂಬ ಗೊಂದಲದಲ್ಲಿ ಹಲವು ಶಿಕ್ಷಕರು ಈ ವಿಷಯವನ್ನೇ ಎತ್ತದಾದರು. ಸಹಪಾಠಿಗಳ ಕಿರುಕುಳಕ್ಕೆ ಸಿಕ್ಕ ಮಕ್ಕಳಿಗೆ ನೆರವಾಗಲೂ ಅಂಜಿದರು.

● ಸ್ಕಾಟ್ಲೆಂಡಿನಲ್ಲಿ 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರ ನವೆಂಬರ್ 18ರಂದು ರದ್ದಾಯಿತು.

ಸೋಲು ಕಲಿಸಿದ ಪಾಠ

ಥ್ಯಾಚರ್ ನಂತರದ ಪಕ್ಷ ಈ ವಿಷಯದಲ್ಲಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಹೆಜ್ಜೆ ಇಡುತ್ತ ಹೋಯಿತು. ಪ್ರಧಾನಿ ಜಾನ್ ಮೇಜರ್ 1991ರಲ್ಲಿ ಮೆಕೆಲೆನ್ ಅವರನ್ನು ಡೌನಿಂಗ್ ಸ್ಟ್ರೀಟ್‌ಗೆ ಕರೆಸಿ ಮಾತಾಡಿದರು. 1994ರಲ್ಲಿ ಕನ್ಸರ್ವೇಟಿವ್ ಸದಸ್ಯೆ ಎಡ್ವಿನಾ ಕರ್ರಿ ಸಲಿಂಗಿ ಪುರುಷರಿಗೂ ಸಮ್ಮತಿಯ ವಯಸ್ಸನ್ನು ಉಳಿದವರಂತೆ 16ಕ್ಕೆ ಇಳಿಸುವ ತಿದ್ದುಪಡಿ ತಂದಾಗ ಅದು 280ಕ್ಕೆ 307 ಮತಗಳಿಂದ ಬಿದ್ದು, 18 ವರ್ಷದ ರಾಜಿ ಸೂತ್ರ ಅಂಗೀಕಾರವಾಯಿತು.

1997ರ ಮಹಾ ಚುನಾವಣೆಯಲ್ಲಿ ಪಕ್ಷ 165 ಸ್ಥಾನಗಳಿಗೆ ಕುಸಿಯಿತು. ಮುಂದಿನ ನಾಯಕರೆಂದೇ ಎಣಿಸಲಾಗಿದ್ದ ಮೈಕೆಲ್ ಪೋರ್ಟಿಲೋ ಅವರನ್ನು ಎನ್‌ಫೀಲ್ಡ್ ಸೌತ್‌ಗೇಟ್‌ನಲ್ಲಿ ಸೋಲಿಸಿದ್ದು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದ ಲೇಬರ್ ಅಭ್ಯರ್ಥಿ ಸ್ಟೀಫನ್ ಟ್ವಿಗ್. ಎಕ್ಸೆಟರ್‌ನಲ್ಲಿ ಲೇಬರ್ ಅಭ್ಯರ್ಥಿ ಬೆನ್ ಬ್ರಾಡ್‌ಶಾ ಅವರ ಲೈಂಗಿಕತೆಯನ್ನೇ ಕನ್ಸರ್ವೇಟಿವ್ ಎದುರಾಳಿ ಪ್ರಚಾರದ ಅಸ್ತ್ರ ಮಾಡಿಕೊಂಡರೂ ಮತದಾರರು ಬ್ರಾಡ್‌ಶಾ ಅವರನ್ನು ಗೆಲ್ಲಿಸಿದರು. ಸಲಿಂಗಿ ಎಂಬ ಮಾತು ಎದುರಾಳಿಯನ್ನು ಕೆಡವುತ್ತದೆ ಎಂಬ ಹಳೆಯ ನಂಬಿಕೆ ಆ ರಾತ್ರಿ ಹುಸಿಯಾಯಿತು.

ಪಕ್ಷಕ್ಕೆ ಅದು ಕೂಡಲೇ ಮನದಟ್ಟಾಗಲಿಲ್ಲ. ಸೆಕ್ಷನ್ 28ನ್ನು ಉಳಿಸಬೇಕೆಂಬ ಪಕ್ಷದ ನಿಲುವಿಗೆ ಒಪ್ಪದ ಸಂಸದ ಶಾನ್ ವುಡ್‌ವರ್ಡ್ ಅವರನ್ನು 1999ರ ಡಿಸೆಂಬರ್‌ನಲ್ಲಿ ಮುಂಚೂಣಿಯ ಹೊಣೆಯಿಂದ ಕಿತ್ತುಹಾಕಲಾಯಿತು, ಅವರು ನೇರವಾಗಿ ಲೇಬರ್ ಸೇರಿದರು. ಯೌವನದಲ್ಲಿ ತಮಗೆ ಸಲಿಂಗ ಅನುಭವಗಳಾಗಿದ್ದವು ಎಂದು ಅದೇ ವರ್ಷ ಸಂದರ್ಶನವೊಂದರಲ್ಲಿ ಒಪ್ಪಿಕೊಂಡಿದ್ದ ಪೋರ್ಟಿಲೋ, 2001ರ ನಾಯಕತ್ವ ಸ್ಪರ್ಧೆಯಲ್ಲಿ ಒಂದೇ ಒಂದು ಮತದ ಅಂತರದಿಂದ ಕೊನೆಯ ಸುತ್ತನ್ನು ತಪ್ಪಿಸಿಕೊಂಡರು.

2002 ತಿರುವಿನ ವರ್ಷ. ಬೇಸಿಗೆಯಲ್ಲಿ ಅಲನ್ ಡಂಕನ್ ತಾವು ಸಲಿಂಗಿ ಎಂದು ಸ್ವಯಂಪ್ರೇರಣೆಯಿಂದ ಘೋಷಿಸಿದ ಮೊದಲ ಹಾಲಿ ಕನ್ಸರ್ವೇಟಿವ್ ಸಂಸದರಾದರು. ಅಕ್ಟೋಬರ್‌ನಲ್ಲಿ ಪಕ್ಷದ ಅಧ್ಯಕ್ಷೆ ಥೆರೇಸಾ ಮೇ ಬೋರ್ನ್‌ಮತ್ ಸಮಾವೇಶದಲ್ಲಿ ಜನ ನಮ್ಮನ್ನು ‘ಕೆಟ್ಟ ಮನಸ್ಸಿನ ಪಕ್ಷ’ ಎನ್ನುತ್ತಾರೆ ಎಂದು ಕಾರ್ಯಕರ್ತರ ಮುಖಕ್ಕೇ ಹೇಳಿದರು. ಆದರೂ ಮರುತಿಂಗಳೇ, ಮದುವೆಯಾಗದ ಜೋಡಿಗಳಿಗೆ, ಅಂದರೆ ಸಲಿಂಗಿಗಳಿಗೂ, ದತ್ತು ಪಡೆಯುವ ಹಕ್ಕು ಕೊಡುವ ಪ್ರಸ್ತಾವದ ವಿರುದ್ಧ ನಾಯಕ ಇಯಾನ್ ಡಂಕನ್ ಸ್ಮಿತ್ ವಿಪ್ ಹೊರಡಿಸಿ, ಅದನ್ನೊಪ್ಪದ ಸಂಸದ ಜಾನ್ ಬರ್ಕೋ ಮುಂಚೂಣಿಯ ಹೊಣೆಗೆ ರಾಜೀನಾಮೆ ಕೊಟ್ಟು, ಬಂಡಾಯವನ್ನು ಅಡಗಿಸಲು ‘ಒಗ್ಗೂಡಿ ಇಲ್ಲವೇ ಸಾಯಿರಿ’ ಎಂದು ನಾಯಕರೇ ಗದರಬೇಕಾಯಿತು.

ಎರಡು ವರ್ಷದ ಬಳಿಕ ಲೇಬರ್ ಸರ್ಕಾರ ತಂದ ಸಿವಿಲ್ ಪಾರ್ಟನರ್‌ಶಿಪ್ ಕಾಯ್ದೆ, ಅಂದರೆ ಮದುವೆಯೆಂಬ ಹೆಸರಿಲ್ಲದೆ ಸಲಿಂಗ ಜೋಡಿಗಳಿಗೆ ಬಹುಮಟ್ಟಿಗೆ ಮದುವೆಯ ಹಕ್ಕುಗಳನ್ನೇ ಕೊಡುವ ನೋಂದಣಿ ವ್ಯವಸ್ಥೆ, ಬಂದಾಗ ಹೊಸ ನಾಯಕ ಮೈಕೆಲ್ ಹೊವಾರ್ಡ್ ಸದಸ್ಯರಿಗೆ ಆತ್ಮಸಾಕ್ಷಿಯ ಮತಕ್ಕೆ ಅವಕಾಶ ಕೊಟ್ಟು ಪೆಟ್ಟು ತಪ್ಪಿಸಿಕೊಂಡರು. ವಿಪ್‌ನಿಂದ ಆತ್ಮಸಾಕ್ಷಿಗೆ ಸರಿದದ್ದು ಪಕ್ಷದ ಮಟ್ಟಿಗೆ ಸಣ್ಣ ದೂರವಾಗಿರಲಿಲ್ಲ.

ಕ್ಯಾಮರೂನ್ ಲೆಕ್ಕಾಚಾರ

ಸತತ ಮೂರು ಚುನಾವಣೆ ಸೋತ ಪಕ್ಷದ ಚುಕ್ಕಾಣಿಯನ್ನು 2005ರ ಡಿಸೆಂಬರ್‌ನಲ್ಲಿ ಹಿಡಿದ ಡೇವಿಡ್ ಕ್ಯಾಮರೂನ್ ಎದುರಿಗಿದ್ದ ಸಮಸ್ಯೆ ನೀತಿಯದ್ದಷ್ಟೇ ಅಲ್ಲ, ಹೆಸರಿನದ್ದು. ಜನರಿಗೆ ಹಿಡಿಸುವ ನೀತಿಯನ್ನೇ ಕನ್ಸರ್ವೇಟಿವ್ ಪಕ್ಷದ್ದೆಂದು ಹೇಳಿದೊಡನೆ ಅದಕ್ಕಿರುವ ಬೆಂಬಲ ಕುಗ್ಗುತ್ತದೆ ಎಂಬ ಕಹಿ ಸತ್ಯವನ್ನು ಆ ಕಾಲದ ಸಮೀಕ್ಷೆಗಳು ಪಕ್ಷದ ಮುಂದಿಟ್ಟಿದ್ದವು.

ಆದ್ದರಿಂದ ಸಲಿಂಗಿಗಳತ್ತ ಚಾಚಿದ ಕೈಯನ್ನು ನೋಡಬೇಕಾದವರು ಸಲಿಂಗಿಗಳಷ್ಟೇ ಆಗಿರಲಿಲ್ಲ. ನಗರವಾಸಿ, ವಿದ್ಯಾವಂತ, ಮಧ್ಯಮವರ್ಗದ ಮತದಾರರು, ಅದರಲ್ಲೂ ಸಲಿಂಗಿ ಗೆಳೆಯರನ್ನೋ ಸಹೋದ್ಯೋಗಿಗಳನ್ನೋ ಬಲ್ಲ ಯುವಜನರು, ಪಕ್ಷ ತಾವು ಬದುಕುವ ಕಾಲಕ್ಕೆ ಬಂದಿದೆಯೇ ಇಲ್ಲವೇ ಎಂಬುದನ್ನು ಇಂಥ ವಿಷಯಗಳಿಂದಲೇ ಅಳೆಯುತ್ತಿದ್ದರು. ಮತಬ್ಯಾಂಕ್ ರಾಜಕಾರಣವನ್ನು ಬಲ್ಲ ಭಾರತದ ಓದುಗರಿಗೆ ಇದು ತುಸು ಬೇರೆಯ ಸೂತ್ರವಾಗಿ ಕಂಡೀತು: ಇಲ್ಲಿ ಒಂದು ಸಮುದಾಯಕ್ಕೆ ಕೊಟ್ಟ ಭರವಸೆಯ ಫಲವನ್ನು ಕೊಯ್ಯಬೇಕಾದದ್ದು ಬೇರೊಂದು ವರ್ಗದ ಮತಗಟ್ಟೆಯಲ್ಲಿ.

2006ರ ಸಮಾವೇಶದಲ್ಲಿ ಕ್ಯಾಮರೂನ್ ಮದುವೆಯ ಮಹತ್ವವನ್ನು ಹೊಗಳುತ್ತ, ಒಬ್ಬರಿಗೊಬ್ಬರು ಬದ್ಧರಾಗುವುದು ಮುಖ್ಯವೇ ಹೊರತು ಅವರು ಗಂಡು-ಹೆಣ್ಣೋ, ಇಬ್ಬರು ಹೆಣ್ಣುಗಳೋ, ಇಬ್ಬರು ಗಂಡುಗಳೋ ಎಂಬುದಲ್ಲ ಎಂದರು. ಸಭಿಕರು ಚಪ್ಪಾಳೆ ತಟ್ಟಿದರು. 2009ರ ಜುಲೈನಲ್ಲಿ, ಸೆಕ್ಷನ್ 28ರ ರದ್ದತಿಯನ್ನು ಹಿಂದೆ ಸ್ವತಃ ಟೀಕಿಸಿದ್ದ ಅವರೇ, ಪ್ರೈಡ್ ನಿಮಿತ್ತ ನಡೆದ ಪಕ್ಷದ ಕಾರ್ಯಕ್ರಮವೊಂದರಲ್ಲಿ ಆ ಕಾನೂನು ತಪ್ಪಾಗಿತ್ತೆಂದು ಒಪ್ಪಿ ಕ್ಷಮೆ ಕೋರಿದರು.

ಹೊಸ ಬಣ್ಣ ಇನ್ನೂ ಒಣಗಿರಲಿಲ್ಲ ಎಂಬುದು 2010ರ ಚುನಾವಣೆಯ ಹೊಸ್ತಿಲಲ್ಲಿ ತಿಳಿಯಿತು. ‘ಗೇ ಟೈಮ್ಸ್’ ಪತ್ರಿಕೆಗೆ ಕೊಟ್ಟ ಚಿತ್ರೀಕೃತ ಸಂದರ್ಶನದಲ್ಲಿ, ಲಿಥುವೇನಿಯಾದ ಸಲಿಂಗಿ ವಿರೋಧಿ ಕಾನೂನಿನ ವಿಷಯವಾಗಿ ಯುರೋಪಿಯನ್ ಸಂಸತ್ತಿನಲ್ಲಿ ತಮ್ಮ ಪಕ್ಷದವರು ತಳೆದ ನಿಲುವನ್ನು ಕೇಳಿದಾಗ ಕ್ಯಾಮರೂನ್ ತಡವರಿಸಿ, ಕ್ಯಾಮೆರಾ ನಿಲ್ಲಿಸಿ ಮತ್ತೆ ಆರಂಭಿಸೋಣವೇ ಎಂದರು. ಕೆಲವೇ ದಿನಗಳಲ್ಲಿ, ಗೃಹ ಖಾತೆಯ ಪ್ರತಿಪಕ್ಷ ವಕ್ತಾರ ಕ್ರಿಸ್ ಗ್ರೇಲಿಂಗ್, ಮನೆಯಲ್ಲೇ ಅತಿಥಿಗೃಹ ನಡೆಸುವವರು ಸಲಿಂಗಿ ಜೋಡಿಗಳಿಗೆ ಕೋಣೆ ನಿರಾಕರಿಸಬಹುದೆಂದು ಹೇಳಿದ್ದ ಮಾತು ಬಯಲಾಯಿತು. ಅಧಿಕಾರ ಸಿಕ್ಕಾಗ ಗೃಹ ಸಚಿವ ಸ್ಥಾನ ಅವರಿಗೆ ಬರಲಿಲ್ಲ, ಥೆರೇಸಾ ಮೇ ಪಾಲಾಯಿತು.

ಅಭ್ಯರ್ಥಿಗಳ ಆಯ್ಕೆಯಲ್ಲಿ ಮಾತ್ರ ಬದಲಾವಣೆ ನಿಜವಾಗಿ ನೆಲ ಮುಟ್ಟಿತ್ತು. ಸ್ಟೌರ್‌ಬ್ರಿಜ್‌ನಿಂದ ಗೆದ್ದ ಮಾರ್ಗೊ ಜೇಮ್ಸ್, ಲೆಸ್ಬಿಯನ್ ಎಂದು ಬಹಿರಂಗವಾಗಿ ಗುರುತಿಸಿಕೊಂಡ ಮೊದಲ ಕನ್ಸರ್ವೇಟಿವ್ ಸಂಸದೆಯಾದರು. ನಿಕ್ ಹರ್ಬರ್ಟ್, ಮೈಕ್ ಫ್ರೀರ್, ಇಯಾನ್ ಸ್ಟುವರ್ಟ್, ಸ್ಟುವರ್ಟ್ ಆಂಡ್ರೂ ಮುಂತಾದ ಸಲಿಂಗಿ ಸದಸ್ಯರು ಆಡಳಿತ ಸಾಲಿನಲ್ಲಿ ಕುಳಿತರು.

ಮದುವೆ ಎಂಬ ಸಂಪ್ರದಾಯವಾದಿ ವಾದ

2011ರ ಮ್ಯಾಂಚೆಸ್ಟರ್ ಸಮಾವೇಶದಲ್ಲಿ ಕ್ಯಾಮರೂನ್ ಮಂಡಿಸಿದ ವಾದವೇ ಇಡೀ ಪ್ರಯತ್ನದ ತಿರುಳು. ಕನ್ಸರ್ವೇಟಿವ್ ಆಗಿದ್ದರೂ ಸಲಿಂಗ ವಿವಾಹವನ್ನು ಬೆಂಬಲಿಸುತ್ತಿರುವುದಲ್ಲ, ಕನ್ಸರ್ವೇಟಿವ್ ಆಗಿರುವುದರಿಂದಲೇ ಬೆಂಬಲಿಸುತ್ತಿರುವುದು ಎಂದು ಅವರು ಹೇಳಿದರು.

ಈ ವಾದಕ್ಕೆ ಒಳಗಿನ ತರ್ಕವಿದೆ. ಮದುವೆಯು ಇಬ್ಬರನ್ನು ಪರಸ್ಪರ ಹೊಣೆಗೆ ಕಟ್ಟಿಹಾಕಿ, ಕಾಯಿಲೆಯಲ್ಲೂ ಮುಪ್ಪಿನಲ್ಲೂ ಸರ್ಕಾರದ ಬಾಗಿಲು ಬಡಿಯುವ ಮೊದಲು ಒಬ್ಬರಿಗೊಬ್ಬರು ಆಸರೆಯಾಗುವಂತೆ ಮಾಡುವ ಸಂಸ್ಥೆಯಾಗಿದ್ದರೆ, ಹೆಚ್ಚು ಜನ ಮದುವೆಯಾಗುವುದು ಸಂಪ್ರದಾಯವಾದಿಗೆ ಸಂತೋಷದ ಸಂಗತಿಯಾಗಬೇಕು. 1988ರಲ್ಲಿ ಸಲಿಂಗಿಗಳನ್ನು ಕುಟುಂಬದ ಶತ್ರುಗಳೆಂದು ಕಂಡ ಪಕ್ಷ, ಈಗ ಅವರನ್ನು ಅದೇ ಕುಟುಂಬದ ಹೊಸ ಆಧಾರಸ್ತಂಭಗಳೆಂದು ಕಾಣತೊಡಗಿತು. ಬದಲಾದದ್ದು ಕುಟುಂಬದ ಮೇಲಿನ ನಿಷ್ಠೆಯಲ್ಲ, ಅದರೊಳಗೆ ಯಾರು ಬರಬಹುದು ಎಂಬುದು.

ಮದುವೆಯ ಅರ್ಥವೇ ಗಂಡು-ಹೆಣ್ಣಿನ ಬಂಧ, ಅದನ್ನು ಮರುನಿರೂಪಿಸುವ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲ ಎಂಬ ವಿರೋಧಿಗಳ ವಾದವೂ ಸಂಪ್ರದಾಯವಾದದ ನೆಲದಿಂದಲೇ ಎದ್ದದ್ದು. ಇದು ಚುನಾವಣಾ ಪ್ರಣಾಳಿಕೆಯಲ್ಲಿ ಇರಲಿಲ್ಲವೆಂಬ ಆಕ್ಷೇಪ ಅದಕ್ಕೆ ಜೊತೆಯಾಯಿತು. ‘ಕೊಅಲಿಷನ್ ಫಾರ್ ಮ್ಯಾರೇಜ್’ ಎಂಬ ವೇದಿಕೆಯ ಮನವಿಗೆ ಐದು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು, ಸರ್ಕಾರ 2012ರಲ್ಲಿ ಸಾರ್ವಜನಿಕ ಅಭಿಪ್ರಾಯ ಕೇಳಿದಾಗ 2,28,000 ಪ್ರತಿಕ್ರಿಯೆಗಳು ಬಂದವು.

ವಿರೋಧವನ್ನು ತಣಿಸಲು ಕರಡಿನಲ್ಲಿ ಬಹುಪದರದ ಬೀಗಗಳನ್ನು ಹಾಕಲಾಯಿತು. ಯಾವ ಧಾರ್ಮಿಕ ಸಂಸ್ಥೆಯೂ ತನ್ನ ಇಚ್ಛೆಗೆ ವಿರುದ್ಧವಾಗಿ ಸಲಿಂಗ ವಿವಾಹ ನಡೆಸಬೇಕಾಗಿಲ್ಲ. ದೇಶದ ಅಧಿಕೃತ ಚರ್ಚ್ ಆದ ಚರ್ಚ್ ಆಫ್ ಇಂಗ್ಲೆಂಡ್ ತನ್ನ ಧಾರ್ಮಿಕ ನಿಯಮಗಳನ್ನೇ ಬದಲಿಸದ ಹೊರತು ಅಂಥ ಮದುವೆ ನಡೆಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ.

ರಾಜಕೀಯ ಬೆಲೆಯನ್ನು ತೆತ್ತದ್ದು ತಳಮಟ್ಟದ ಸಂಘಟನೆ. ಹಳೆಯ ಕಾರ್ಯಕರ್ತರು ಬೇಸತ್ತು ದೂರ ಸರಿಯುತ್ತಿದ್ದಾರೆಂದು ಸ್ಥಳೀಯ ಘಟಕಗಳ ಪದಾಧಿಕಾರಿಗಳು ಪ್ರಧಾನಿಗೆ ದೂರಿದರು. ಯುರೋಪಿಯನ್ ಒಕ್ಕೂಟದ ವಿರೋಧಿಯಾದ, ಸಲಿಂಗ ವಿವಾಹವನ್ನೂ ವಿರೋಧಿಸಿದ ಯುಕಿಪ್ ಪಕ್ಷ 2013ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ 140ಕ್ಕೂ ಹೆಚ್ಚು ಸ್ಥಾನ ಗೆದ್ದದ್ದಕ್ಕೆ ಯುರೋಪ್ ಮತ್ತು ವಲಸೆಯ ಪ್ರಶ್ನೆಗಳು ದೊಡ್ಡ ಕಾರಣವಾಗಿದ್ದರೂ, ಮನೆ ತೊರೆದ ಟೋರಿಗಳಿಗೆ ಇದೂ ಒಂದು ನೆಪವಾಗಿತ್ತು.

ಮಸೂದೆ 2013ರ ಜುಲೈ 17ರಂದು ರಾಣಿಯ ಅಂಕಿತ ಪಡೆಯಿತು. 2014ರ ಮಾರ್ಚ್ 29ರಿಂದ ಮದುವೆಗಳು ಆರಂಭವಾದವು. ಮರುವರ್ಷ ಕ್ಯಾಮರೂನ್ ಪಕ್ಷವನ್ನು ಸ್ಪಷ್ಟ ಬಹುಮತದತ್ತ ನಡೆಸಿದರು, ಆದ್ದರಿಂದ ಈ ಸುಧಾರಣೆ ಪಕ್ಷವನ್ನು ಮುಳುಗಿಸುತ್ತದೆಂಬ ಭವಿಷ್ಯವಾಣಿ ಫಲಿಸಲಿಲ್ಲ.

■ ಬೇರೆಡೆಯ ಬಲಪಂಥ

● ಅಮೆರಿಕ: ಸಲಿಂಗಿ ಶಿಕ್ಷಕರನ್ನು ಶಾಲೆಗಳಿಂದ ಹೊರಹಾಕುವ ಕ್ಯಾಲಿಫೋರ್ನಿಯಾದ 1978ರ ಪ್ರಸ್ತಾವವನ್ನು ಎದುರಿಸುವ ಹೊತ್ತಿನಲ್ಲಿ ರೂಪುಗೊಂಡದ್ದು ‘ಲಾಗ್ ಕ್ಯಾಬಿನ್ ರಿಪಬ್ಲಿಕನ್ಸ್’ ಸಂಘಟನೆ, ರೊನಾಲ್ಡ್ ರೇಗನ್ ಆ ಪ್ರಸ್ತಾವವನ್ನು ವಿರೋಧಿಸಿ ಬರೆದರು. ಆದರೆ 1995ರಲ್ಲಿ ಅಧ್ಯಕ್ಷ ಸ್ಥಾನದ ಆಕಾಂಕ್ಷಿ ಬಾಬ್ ಡೋಲ್ ಅವರ ಪ್ರಚಾರ ತಂಡ ಈ ಸಂಘಟನೆ ಕೊಟ್ಟ 1,000 ಡಾಲರ್ ದೇಣಿಗೆಯನ್ನು ಹಿಂದಿರುಗಿಸಿತು. 2004ರಲ್ಲಿ ಜಾರ್ಜ್ ಬುಷ್ ಅವರನ್ನು ಬೆಂಬಲಿಸಲು ಸಂಘಟನೆಯೇ ನಿರಾಕರಿಸಿತು.

● ಕೆನಡಾ: ಮದುವೆಯೆಂದರೆ ಒಂದು ಗಂಡು ಒಂದು ಹೆಣ್ಣಿನ ಬಂಧ ಎಂಬ ವ್ಯಾಖ್ಯೆಯನ್ನು ಕನ್ಸರ್ವೇಟಿವ್ ಪಕ್ಷ 2016ರ ವ್ಯಾಂಕೂವರ್ ಸಮಾವೇಶದಲ್ಲಿ 462ರ ವಿರುದ್ಧ 1,036 ಮತಗಳಿಂದ ತನ್ನ ನೀತಿಯಿಂದ ತೆಗೆದುಹಾಕಿತು.

● ಜರ್ಮನಿ: ಚಾನ್ಸಲರ್ ಆಂಗೆಲಾ ಮರ್ಕೆಲ್ 2017ರಲ್ಲಿ ಆತ್ಮಸಾಕ್ಷಿಯ ಮತಕ್ಕೆ ದಾರಿ ಬಿಟ್ಟು ತಾವು ವಿರುದ್ಧವಾಗಿ ಮತ ಹಾಕಿದರು, ಅವರ ಬಣದ 75 ಸದಸ್ಯರು ಪರವಾಗಿ ನಿಂತು ಸಲಿಂಗ ವಿವಾಹ 226ರ ವಿರುದ್ಧ 393 ಮತಗಳಿಂದ ಅಂಗೀಕಾರವಾಯಿತು.

ಔದಾರ್ಯ ನಿಂತ ಗಡಿ

ಮುಂದಿನ ಕೆಲವು ವರ್ಷ ಪಕ್ಷದ ಹೊಸ ಮುಖ ಸಹಜವೆನಿಸತೊಡಗಿತು. ಲೆಸ್ಬಿಯನ್ ಎಂದು ಬಹಿರಂಗವಾಗಿ ಬದುಕುತ್ತಿದ್ದ ರೂತ್ ಡೇವಿಡ್‌ಸನ್ ನಾಯಕತ್ವದಲ್ಲಿ ಸ್ಕಾಟಿಷ್ ಕನ್ಸರ್ವೇಟಿವ್ ಪಕ್ಷ 2016ರ ಸ್ಕಾಟಿಷ್ ಸಂಸತ್ತಿನ ಚುನಾವಣೆಯಲ್ಲಿ 31 ಸ್ಥಾನ ಗೆದ್ದು ಲೇಬರ್ ಪಕ್ಷವನ್ನು ಮೂರನೇ ಸ್ಥಾನಕ್ಕೆ ತಳ್ಳಿತು. ಅದೇ ವರ್ಷ ಡೇವಿಡ್ ಮಂಡೆಲ್ ಮತ್ತು ಜಸ್ಟಿನ್ ಗ್ರೀನಿಂಗ್ ಸಂಪುಟದಲ್ಲಿದ್ದುಕೊಂಡೇ ತಮ್ಮ ಗುರುತನ್ನು ಬಹಿರಂಗಪಡಿಸಿದರು.

ಅಧಿಕಾರದ ಅಗತ್ಯ ಎದುರಾದಾಗ ಹಳೆಯ ಇಕ್ಕಟ್ಟು ಮರಳಿತು. 2017ರಲ್ಲಿ ಬಹುಮತ ಕಳೆದುಕೊಂಡ ಥೆರೇಸಾ ಮೇ, ಉತ್ತರ ಐರ್ಲೆಂಡಿನಲ್ಲಿ ಸಲಿಂಗ ವಿವಾಹವನ್ನು ತಡೆಯುತ್ತಿದ್ದ ಡಿಯುಪಿ ಪಕ್ಷದ ಬೆಂಬಲ ಕೇಳಿದಾಗ, ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳಿಗೆ ಧಕ್ಕೆಯಾಗುವುದಿಲ್ಲವೆಂಬ ಭರವಸೆಯನ್ನು ಡೇವಿಡ್‌ಸನ್ ಬಹಿರಂಗವಾಗಿಯೇ ಪಡೆದರು. ಉತ್ತರ ಐರ್ಲೆಂಡಿಗೆ ಆ ಹಕ್ಕು ದಕ್ಕಿದ್ದು 2020ರ ಜನವರಿಯಲ್ಲಿ, ಲೇಬರ್ ಸದಸ್ಯರೊಬ್ಬರ ತಿದ್ದುಪಡಿಯ ಫಲವಾಗಿ.

ನಿಜವಾದ ಗಡಿ ಕಂಡದ್ದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ, ಅಂದರೆ ಹುಟ್ಟಿನಲ್ಲಿ ನಮೂದಾದ ಲಿಂಗಕ್ಕಿಂತ ಬೇರೆಯ ಲಿಂಗದವರಾಗಿ ಬದುಕುವವರ, ಪ್ರಶ್ನೆಯಲ್ಲಿ. ಮೇ ಸರ್ಕಾರ 1,08,000ಕ್ಕೂ ಹೆಚ್ಚು ಜನ ಪಾಲ್ಗೊಂಡ ಸಮೀಕ್ಷೆಯ ಆಧಾರದಲ್ಲಿ 2018ರಲ್ಲಿ ಕ್ರಿಯಾಯೋಜನೆ ಪ್ರಕಟಿಸಿ, ಲಿಂಗ ಗುರುತಿನ ಕಾನೂನನ್ನು ಸರಳಗೊಳಿಸುವ ಬಗ್ಗೆ ಅಭಿಪ್ರಾಯ ಕೇಳಿತು. ಎರಡು ವರ್ಷದ ಬಳಿಕ ಬೋರಿಸ್ ಜಾನ್ಸನ್ ಸರ್ಕಾರ ಆ ಸುಧಾರಣೆಯನ್ನು ಕೈಬಿಟ್ಟಿತು.

ಲೈಂಗಿಕತೆಯನ್ನೋ ಲಿಂಗ ಗುರುತನ್ನೋ ‘ಸರಿಪಡಿಸುವ’ ಕನ್ವರ್ಷನ್ ಥೆರಪಿಯ ನಿಷೇಧದಿಂದ ಟ್ರಾನ್ಸ್ ವ್ಯಕ್ತಿಗಳನ್ನು ಹೊರಗಿಡುವುದಾಗಿ ಸರ್ಕಾರ ಹೇಳಿದಾಗ, 100ಕ್ಕೂ ಹೆಚ್ಚು ಸಂಘಟನೆಗಳು ಹಿಂದೆಸರಿದು, 2022ರಲ್ಲಿ ಲಂಡನ್ನಿನಲ್ಲಿ ನಡೆಯಬೇಕಿದ್ದ ಸರ್ಕಾರದ್ದೇ ಅಂತರರಾಷ್ಟ್ರೀಯ ಸಮ್ಮೇಳನ ರದ್ದಾಯಿತು. 2023ರ ಸಮಾವೇಶದಲ್ಲಿ ಪ್ರಧಾನಿ ರಿಷಿ ಸುನಕ್ ಗಂಡು ಗಂಡೇ, ಹೆಣ್ಣು ಹೆಣ್ಣೇ ಎಂದಾಗ ಬಿದ್ದ ಚಪ್ಪಾಳೆ ಪಕ್ಷದ ಒಲವನ್ನು ಸಾರಿ ಹೇಳಿತು.

ಮಹಿಳೆಯರಿಗೆಂದೇ ಮೀಸಲಾದ ತಾಣಗಳ ಸುರಕ್ಷತೆ ಮತ್ತು ಖಾಸಗಿತನವನ್ನು ಪಕ್ಷ ಈ ನಿಲುವಿಗೆ ಕಾರಣವಾಗಿ ಕೊಡುತ್ತದೆ; ಅದನ್ನು ಒಪ್ಪುವ ಲೆಸ್ಬಿಯನ್ನರೂ ಗೇ ಪುರುಷರೂ ಇದ್ದಾರೆ, ಇದು ಸೆಕ್ಷನ್ 28ರ ಹೊಸ ಅವತಾರವೆಂದು ಖಂಡಿಸುವವರೂ ಇದ್ದಾರೆ. ಸಲಿಂಗ ಜೋಡಿ ಇರುವ ಸಂಸ್ಥೆಯೊಳಕ್ಕೆ ಪ್ರವೇಶ ಕೇಳಿತು, ಅದನ್ನು ಕೊಡಲು ಸಂಪ್ರದಾಯವಾದಿಗೆ ಮದುವೆಯ ಆದರ್ಶವೇ ಸಮರ್ಥನೆ ಒದಗಿಸಿತು. ಟ್ರಾನ್ಸ್ ವ್ಯಕ್ತಿಯ ಬೇಡಿಕೆ ಆ ಸಂಸ್ಥೆಗಳು ನಿಂತಿರುವ ಗಂಡು-ಹೆಣ್ಣೆಂಬ ವಿಂಗಡಣೆಯನ್ನೇ ಮುಟ್ಟುವುದರಿಂದ, 2011ರ ವಾದ ಇಲ್ಲಿ ಕೆಲಸಕ್ಕೆ ಬಾರದಾಯಿತು.

■ ಭಾರತದ ನಂಟು

● ಭಾರತೀಯ ದಂಡಸಂಹಿತೆಯ ಸೆಕ್ಷನ್ 377 ಬ್ರಿಟಿಷರು 1860ರಲ್ಲಿ ರೂಪಿಸಿದ ಕಾನೂನು. ಬ್ರಿಟನ್ 1967ರಲ್ಲಿ ತನ್ನ ಕಾನೂನನ್ನು ಸಡಿಲಿಸಿದರೂ ಅದು ಭಾರತದಲ್ಲಿ ಉಳಿಯಿತು.

● 2018ರ ಏಪ್ರಿಲ್‌ನಲ್ಲಿ ಲಂಡನ್ನಿನ ಕಾಮನ್‌ವೆಲ್ತ್ ಸಮಾವೇಶದ ವೇಳೆ ಪ್ರಧಾನಿ ಥೆರೇಸಾ ಮೇ ಇಂಥ ವಸಾಹತು ಕಾನೂನುಗಳ ಬಗ್ಗೆ ತೀವ್ರ ವಿಷಾದ ವ್ಯಕ್ತಪಡಿಸಿದರು. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಸೆಕ್ಷನ್ 377ರ ವ್ಯಾಪ್ತಿಯಿಂದ ಹೊರಗಿಟ್ಟಿತು. ಅರ್ಜಿದಾರರಲ್ಲಿ ಬೆಂಗಳೂರಿನ ಟ್ರಾನ್ಸ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಕೂಡ ಇದ್ದರು.

● ಶಿವಮೊಗ್ಗ ಜಿಲ್ಲೆಯವರಾದ ಆರ್‌ಎಸ್‌ಎಸ್ ನಾಯಕ ದತ್ತಾತ್ರೇಯ ಹೊಸಬಾಳೆ 2016ರಲ್ಲಿ ಸಲಿಂಗಕಾಮ ಅಪರಾಧವಲ್ಲವೆಂದು ಹೇಳಿ, ಮರುದಿನ ಅದು ಸಮಾಜದ ದೃಷ್ಟಿಯಲ್ಲಿ ಅನೈತಿಕವೆಂದು ಸೇರಿಸಿದರು. ಮದುವೆ ಗಂಡು-ಹೆಣ್ಣಿನ ನಡುವೆಯೇ ಆಗಬೇಕೆಂದು 2023ರಲ್ಲಿ ಸ್ಪಷ್ಟಪಡಿಸಿದರು. ಅದೇ ವರ್ಷದ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ನಿರಾಕರಿಸಿ, ಅದು ಶಾಸಕಾಂಗದ ಕೆಲಸವೆಂದಿತು.

ಉಳಿದದ್ದೇನು?

2024ರ ಜುಲೈ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ 121 ಸ್ಥಾನಗಳಿಗೆ ಇಳಿದು 14 ವರ್ಷದ ಅಧಿಕಾರ ಕಳೆದುಕೊಂಡಿತು. ಆ ಸೋಲಿಗೆ ಆರ್ಥಿಕತೆ, ಬ್ರೆಕ್ಸಿಟ್, ಆಂತರಿಕ ಕಲಹಗಳಂಥ ಹತ್ತು ಕಾರಣಗಳಿರುವಾಗ ಸಲಿಂಗಿ ಮತಗಳ ಲಾಭ-ನಷ್ಟವನ್ನು ಅದರಿಂದ ಎಣಿಸುವುದು ವ್ಯರ್ಥ.

ಎಣಿಸಬಹುದಾದದ್ದು ಬೇರೆ. 2013ರಲ್ಲಿ ವಿರುದ್ಧವಾಗಿ ಮತ ಹಾಕಿದ್ದ ನಿಕ್ಕಿ ಮಾರ್ಗನ್ ಮರುವರ್ಷ ಸಮಾನತೆಯ ಹೊಣೆ ಹೊತ್ತ ಸಚಿವೆಯಾಗಿ, ಈಗಾದರೆ ಪರವಾಗಿ ಮತ ಹಾಕುತ್ತಿದ್ದೆ ಎಂದರು. ಅಂದಿನ ಮಸೂದೆಗೆ ಪಕ್ಷದ ಅರ್ಧದಷ್ಟು ಸದಸ್ಯರ ಒಪ್ಪಿಗೆಯೂ ಇರಲಿಲ್ಲ, ಆದರೆ ಆಮೇಲಿನ ಮಹಾ ಚುನಾವಣೆಗಳಲ್ಲಿ ಪಕ್ಷದ ಯಾವ ಪ್ರಣಾಳಿಕೆಯೂ ಆ ಕಾಯ್ದೆಯನ್ನು ಹಿಂತೆಗೆಯುವ ಮಾತಾಡಿಲ್ಲ. ವಿರೋಧಿಸಿದವರೇ ಕಾಪಾಡಿಕೊಳ್ಳುವ ಸ್ಥಿತಿಗೆ ಬಂದ ಸುಧಾರಣೆ, ಎದುರು ಪಕ್ಷ ಏಕಪಕ್ಷೀಯವಾಗಿ ತಂದ ಸುಧಾರಣೆಗಿಂತ ಗಟ್ಟಿಯಾಗಿ ನೆಲೆಯೂರುತ್ತದೆ. ಬಲಪಂಥದ ಮನವೊಲಿಸಲು ಹೆಣಗಿದವರ ಶ್ರಮಕ್ಕೆ ಸಂದ ಪ್ರತಿಫಲ ಇದೇ.

ಆ ಶ್ರಮ ಆರಂಭವಾದದ್ದು ಕ್ಯಾಮರೂನ್ ಅವರಿಂದಲ್ಲ. 1975ರ ಪುಟ್ಟ ಗುಂಪು, ಸ್ಟೋನ್‌ವಾಲ್ ಕಟ್ಟಿದ ಮಾಜಿ ಸಂಸದ, 2002ರಲ್ಲಿ ಗುಟ್ಟು ಬಿಟ್ಟುಕೊಟ್ಟ ಡಂಕನ್ ಮುಂತಾದವರನ್ನು ಸಾಲಾಗಿ ನೋಡಿದರೆ, ಪಕ್ಷ ಹೊರಗೆ ಹುಡುಕಿಕೊಂಡು ಹೋದ ಮತದಾರರು ಅದರ ಕಚೇರಿ, ಶಾಖೆ ಮತ್ತು ಸಂಸತ್ತಿನ ಸಾಲುಗಳಲ್ಲಿ ಬಾಯಿ ಬಿಡದೆ ಮೊದಲಿನಿಂದಲೂ ಇದ್ದರು ಎಂಬುದು ತಿಳಿಯುತ್ತದೆ. ಹೊಸಬರನ್ನು ಸೆಳೆಯಲು ಹೊರಟ ಸಂಪ್ರದಾಯವಾದಿ ಪಕ್ಷ ಮೊದಲು ಮಾಡಬೇಕಾಗಿ ಬಂದ ಕೆಲಸ, ತನ್ನವರೇ ಆದ ಇವರಿಗೆ ತಮ್ಮ ಹೆಸರು ಹೇಳಿಕೊಳ್ಳುವ ಧೈರ್ಯ ಕೊಡುವುದಾಗಿತ್ತು.